ಅಂಟು ಕೀಲಿ

ಬಲಗೈ ಹೋದದ್ದು ಬೂದನೂರಿನ ಆಲೆಮನೆಯಲ್ಲಿ.
ಗಾಣಕ್ಕೆ ಕಬ್ಬು ಕೊಡುವಾಗ ಒಂದು ಗಳಿಗೆ ತೂಕಡಿಕೆ, ಅಷ್ಟೆ.
ಕೇಳಿದವರಿಗೆಲ್ಲ ಹೇಳಿ ಹೇಳಿ
ಈಗ ಬೇರೆ ಯಾರದೋ ಕೈ ಅನ್ನಿಸುತ್ತದೆ.

ಮಂಡ್ಯದ ತಾಲ್ಲೂಕು ಕಚೇರಿ ಎದುರು
ಬೋರಲಿಂಗುವಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಕುಟ್ಟುತ್ತೇನೆ.
ಪುಟಕ್ಕೆ ಮೂವತ್ತು. ಹತ್ತು ಅವನಿಗೆ.
ಕೀಬೋರ್ಡಿಗೂ ಬಲಗಡೆಯ ಶಿಫ್ಟ್ ಸತ್ತು ಎರಡು ವರ್ಷ;
ನಾವಿಬ್ಬರೂ ಎಡಗಡೆಯವರು.

ಕನ್ನಡಕ್ಕೆ ಶಿಫ್ಟ್ ಇಲ್ಲದೆ ನಡೆಯುವುದಿಲ್ಲ.
ದೀರ್ಘ ಬೇಕೆಂದರೆ ಶಿಫ್ಟ್, ಸೊನ್ನೆ ಬೇಕೆಂದರೆ ಶಿಫ್ಟ್,
ನಮ್ಮ ಕಡೆ ಬಾಯಲ್ಲಿ ಯಾರೂ ಆಡದ ಮಹಾಪ್ರಾಣಕ್ಕೂ
ಕಾಗದದ ಮೇಲೆ ಶಿಫ್ಟ್.
ಮೊಂಡುಗೈಯನ್ನು ಮೈಗೆ ಅಡ್ಡ ತಂದು ಅದರ ಮೇಲೆ ಊರಿ
ಎಡಗೈ ಬೆರಳನ್ನು ಆಚೆ ದಡಕ್ಕೆ ಕಳಿಸುತ್ತಿದ್ದೆ.
ಮೊಂಡು ಜಾರಿದರೆ ಅಕ್ಷರವೂ ಜಾರಿತು.
ಹುಲಿವಾನದ ಕಾಳಮ್ಮ ಹಾಗೆಯೇ ಕಾಲಮ್ಮ ಆದಳು,
ಪೌತಿ ಖಾತೆ ಅರ್ಜಿ ವಾಪಸ್ಸು ಬಂತು.
"ಕಾಲು ನೆಟ್ಗೇ ಅವೆ ಕಣಪ್ಪ," ಅಂದಳು,
"ಮೂರ್ ದಪ ನಡ್ಕಂಡ್ ಬಂದ್ವಲ್ಲ."

ಆ ಮೂರನೆಯ ದಿನವೇ ಆದದ್ದು.
ಆತುರಕ್ಕೆ ಮೊಂಡುಗೈ ಶಿಫ್ಟ್ ಮೇಲೆ ತಟತಟ ಕುಣಿಯಿತು.
ಲೆಕ್ಕ ನಾನಿಟ್ಟಿರಲಿಲ್ಲ,
ಯಂತ್ರ ಇಟ್ಟಿತ್ತು. ಐದಕ್ಕೆ ಪೀಂ ಅಂದು
ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದು ಕೇಳಿತು:
ಸ್ಟಿಕಿ ಕೀಸ್ ಬೇಕೆ?

"ನೋ ಒತ್ತಣ್ಣೋ, ಅದು ಸುಮ್ಕೆ ಬತ್ತದೆ,"
ಅಂದ ಬೋರಲಿಂಗು, ಟೋನರ್ ಅಲ್ಲಾಡಿಸುತ್ತ.
ಎರಡು ಕೈಯವರೆಲ್ಲ ಇಷ್ಟು ವರ್ಷ
ಅದನ್ನು ನೋ ಅಂದೇ ಕಳಿಸಿದ್ದಾರೆ.
ಸ್ಟಿಕಿ ಅಂದರೆ ಅಂಟು. ಅಂಟು ನನಗೆ ಗೊತ್ತು:
ಕೊಪ್ಪರಿಗೆಯಲ್ಲಿ ಹದ ಬಂದ ಪಾಕ,
ಬೆರಳಿಗೆ ಬೆರಳು ಕೂಡಿಸಿ ನೋಡುತ್ತಿದ್ದದ್ದು.
ಎಸ್ ಒತ್ತಿದೆ.

ಶಿಫ್ಟ್ ಮುಟ್ಟಿದೆ, ಬಿಟ್ಟೆ.
ಬೆರಳೆತ್ತಿದರೂ ಅದು ಹಿಡಿದುಕೊಂಡೇ ಇತ್ತು.
ನಾನು ನಿಧಾನಕ್ಕೆ ಆಚೆ ಹೋಗಿ ಎಲ್ ಒತ್ತುವ ತನಕ
ಕಾದು,
ಳ ಬಿದ್ದದ್ದೇ ಕೈಬಿಟ್ಟಿತು.

ಗಾಣವೂ ಹಿಡಿದಿತ್ತು.
ಬಿಡಿಸಲು ಎಂಜಿನ್ನಿನ ಬೆಲ್ಟ್ ಕತ್ತರಿಸಬೇಕಾಯಿತು.

ಕಾಳಮ್ಮನಿಗೆ ಓದು ಬರದು. ಹೆಸರೆಲ್ಲಿ, ತೋರ್ಸು, ಅಂದಳು.
ತೋರಿಸಿದೆ. ಹಾಳೆ ಇನ್ನೂ ಬೆಚ್ಚಗಿತ್ತು.
ಅದರ ಮೇಲೆ ಹೆಬ್ಬೆರಳಿಟ್ಟಳು,
ಒತ್ತಲಿಲ್ಲ.

ರಾತ್ರಿ ಬೋರಲಿಂಗು ಕೂತು ಲೆಕ್ಕ ಬರೆಯುತ್ತಾನೆ,
ಎರಡು ಕೀಲಿ ಒಟ್ಟಿಗೆ ಒತ್ತುತ್ತಾನೆ, ಅಂಟು ಬಿಟ್ಟುಹೋಗುತ್ತದೆ.
ಹಾಗೇ ಅದು, ಎರಡು ಕೈ ಕಂಡರೆ ತಾನೇ ಎದ್ದು ಹೊರಡುತ್ತದೆ.
ಬೈಯುವುದಿಲ್ಲ ನಾನು. ಅವನಿಗೆ ಇರುವುದೇ ಎರಡು.

ಬೆಳಿಗ್ಗೆ ಅವನ ಕೈಲಿ ಷಟರ್ ಎತ್ತಿಸಿ,
ಗಂಧದಕಡ್ಡಿಗೂ ಮೊದಲು
ಐದು ಸಲ ತಟ್ಟುತ್ತೇನೆ.
ದಿನವೂ ಹೊಸಬನನ್ನು ಕೇಳುವ ಹಾಗೆ ಕೇಳುತ್ತದೆ, ಬೇಕೆ?
ಬೇಕು ಕಣಪ್ಪ.