ಎಂಟು ಕೊಡ ಸಮುದ್ರ

ಹದಿನೇಳು ವರ್ಷ ಈ ಶಹಾಬಾದದಾಗ
ಮಂದಿ ಮನಿ ನೀರಿನ ಉಪ್ಪು ತೆಗೀಲಾಕ ತಿರುಗೀನಿ.
ಬೋರಿನ ನೀರು, ಸೌಳು. ಬ್ಯಾಳಿ ಬೇಯಂಗಿಲ್ಲ,
ಗ್ಲಾಸಿನ ಅಂಚಿಗೆ ಸುಣ್ಣದ ಗೆರಿ.
ಫಿಲ್ಟರ್ ಬಿಚ್ಚು, ತೊಳಿ, ಮೀಟರ್ ಅದ್ದಿ ತೋರಿಸು:
ನೋಡ್ರಿ ಅವ್ವಾ, ಹನ್ನೊಂದುನೂರು ಇತ್ತು, ಈಗ ನಲವತ್ತು.

ಅಂಥವ ನಾನು
ಎಂಟು ಕೊಡ ನೀರು ಸೊನ್ನಿಗೆ ಇಳಿಸಿ
ಮುಂಬೈಯಿಂದ ಬಂದ ಚೀಲ ಹರಿದು
ನಾಲ್ಕು ಕಿಲೋದ ಮ್ಯಾಲ ಒಂದು ಹಿಡಿ ಉಪ್ಪು ಸುರಿದೆ.
ಕಿರಾಣಿ ಗುರುಲಿಂಗಪ್ಪ ನಕ್ಕ:
“ತೆಗಿಯೋಕೂ ರೊಕ್ಕ, ಹಾಕೋಕೂ ರೊಕ್ಕ ಏನೋ ಮಶಾಕಾ?
ನನ್ನ ಅಂಗಡ್ಯಾಗ ಇಲ್ಲದ ಉಪ್ಪು ಅದ್ಯಾವುದಪಾ!”
ಹೆಂಗ ತಿಳಸಲಿ. ನಾನರ ಸಮುದ್ರ ಎಲ್ಲಿ ನೋಡೀನಿ?
ಆರು ವರ್ಷದವ ಇದ್ದಾಗ ಒಮ್ಮೆ, ಹಾಜಿ ಅಲಿ ದಾರ್ಯಾಗ.
ನೆನಪಿರೋದು ಒಂದು ಒದ್ದಿ ಚಪ್ಪಲಿ.
ಇನ್ನೊಂದು ಅದೇ ಇಟ್ಟುಕೊಂಡಿತು.

ಮೊದಲು ಟೇಬಲ್ ಮ್ಯಾಲ ಇಟ್ಟೆ.
ಬೆಳಗಾಗೋದ್ರಾಗ ಕಾಲು ಬಾಗಿ
ನೀರು ಒಂದು ಬೆರಳು ಓರಿ.
ಹಿತ್ತಲದಾಗ ಅಪ್ಪನ ಫರಸಿ ಇತ್ತು, ಅರಿವಿ ಒಗಿಯೋದು.
ಖಣಿಯಿಂದ ಎದ್ದಾಗ ಮೈತುಂಬ ಅಲಿ ಅಲಿ,
‘ಸಪಾಟಿಲ್ಲ, ಹೋಗಂಗಿಲ್ಲ’ ಅಂತ ಮಾಲಕ ಒಗದದ್ದು,
ಅಪ್ಪ ಬಂಡ್ಯಾಗ ಹೇರಿ ತಂದದ್ದು.
ನಮ್ಮ ಸಾಲಿ ಮಾಸ್ತರ ಒಮ್ಮೆ ಅದನ್ನ ಸವರಿ ಹೇಳಿದ್ದ:
ಇದು ನೀರು ಬರದದ್ದು. ಇಲ್ಲಿ ಸಮುದ್ರ ಇತ್ತು,
ಮೀನ ಹುಟ್ಟೋಕಿಂತ ಮುಂಚಿನ ಸಮುದ್ರ.
ಅಪ್ಪ ಬೀಡಿ ಹಚ್ಚಿ ಅಂದ:
“ಇದ್ದಿರಬೇಕು. ಕೂಲಿಯೇನು ಹೆಚ್ಚಿಗಿ ಕೊಟ್ಟಾರೇನ್ರಿ?”

ಅಲಿಯ ಮೈ ಕೆಳಗ ಮಾಡಿದೆ,
ಮ್ಯಾಲ ಥರ್ಮಾಕೋಲ್, ಅದರ ಮ್ಯಾಲ ಗಾಜು.
ಈ ಸಲ ಅಲುಗಲಿಲ್ಲ.

ಆಮ್ಯಾಲ ಕಾಯೋದು.
ಒಂದು ಸೀಗಡಿ ಕೊಳೀಲಿ ಅಂತ ಬಿಟ್ಟೆ,
ಮನಿಯೆಲ್ಲ ನಾತ.
ಕಣ್ಣಿಗೆ ಕಾಣದ್ದು ಏನೋ ಹುಟ್ಟಿ ವಿಷ ತಿನ್ನಬೇಕು,
ಅಲ್ಲೀತನಕ ಮೀನ ತರಬಾರದು, ನಲವತ್ತು ದಿನ.
“ಬಾಣಂತಿ ಚಿಲ್ಲಾನೇ ಅನ್ನು” ಅಂದಳು ಜೈತುನ್,
ಮೂಗಿಗೆ ಸೆರಗು ಹಿಡಿದು.
ಓಣಿ ಮಂದಿ ಬಂದರು. ಮೀನ ಎಲ್ಲಿ?
ಬರ್ತಾವ.
ಮತ್ತ ಇದೇನು?
ನೀರು.
ಹಂಗಂದರೂ ಕುಂತು ನೋಡಿದರು, ಚಹಾ ಆರೋತನಕ.

ಕಲ್ಲಿನ ಮ್ಯಾಲ ಕಂದು ಧೂಳು ಹತ್ತಿತು. ಒರಸಿದೆ. ಬಂತು.
ಒರಸೋದು ಬಿಟ್ಟೆ. ಹೋತು.

ನಲವತ್ಮೂರನೇ ದಿನ ರೈಲಿನ್ಯಾಗ
ತೊಡಿ ಮ್ಯಾಲ ಡಬ್ಬಿ ಇಟ್ಟುಕೊಂಡು ತಂದೆ:
ಎರಡು, ಬದಾಮಿಯಷ್ಟು, ಕೇಸರಿ ಮೈಗೆ ಬಿಳಿ ಪಟ್ಟಿ.
ಔಷಧ ಅಂಗಡಿಯ ಸಲೈನ್ ನಳಿಗಿ ಕಟ್ಟಿ
ಅವುಗಳ ಚೀಲಕ್ಕ ನನ್ನ ನೀರು ಹನಿ ಹನಿ ಬಿಟ್ಟೆ, ಎರಡು ತಾಸು.
ಮಗಳು ತಹಸೀನ್ ಕೇಳಿದಳು: “ಆರಾಮಿಲ್ಲೇನಪಾ ಅವಕ್ಕ?”

ಮೇ ತಿಂಗಳು. ಹೊರಗ ನಲವತ್ನಾಲ್ಕು,
ಒಳಗ ಇಪ್ಪತ್ತಾರು ಇರಬೇಕು.
ದಿನಾ ಒಂದು ಚರಿಗಿ ನೀರು ಆರಿ ಹೋಗ್ತದ.
ನೀರಷ್ಟೇ ಹೋಗ್ತದ, ಉಪ್ಪು ಎಲ್ಲಿಗೂ ಹೋಗಂಗಿಲ್ಲ.
ಹಂಗಂತ ದಿನಾ ಒಂದು ಚರಿಗಿ ಸಿಹಿನೀರು ಸುರೀತೀನಿ.

ನಿನ್ನಿ ರಾತ್ರಿ ಕರೆಂಟ್ ಹೋತು. ಎರಡಕ್ಕ ಇನ್ವರ್ಟರೂ ಸತ್ತಿತು.
ಪಂಪ್ ನಿಂತಾಗ ಎಂಥ ಮೌನ ಅದು!
ಮೀನ ಮ್ಯಾಲ ಬಂದು ಬಾಯಿ ತೆರದವು.
ಚರಿಗಿ ತಗೊಂಡೆ. ತುಂಬಿದೆ, ಮೊಳ ಎತ್ತರದಿಂದ ಸುರಿದೆ,
ಗಾಳಿ ಕೂಡಲಿ ಅಂತ. ತುಂಬಿದೆ, ಸುರಿದೆ.
ಕತ್ತಲದಾಗ ಧೋ ಧೋ.

ಬಾಜೂ ಮನಿ ಅಂಬವ್ವ ಸಪ್ಪಳಕ್ಕ ಎದ್ದು
“ನಳ ಬಂತು, ನಳ ಬಂತು” ಅಂತ ಕೂಗಿದಳು.
ಓಣಿಯೆಲ್ಲ ಕೊಡ ಹಿಡಿದು ಹೊರಗ ಬಂತು.