ಹಸಿ ಫಿಲ್ಮು

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ
ಒಂದು ಕೆಂಪು ಬಲ್ಬು, ಮೂರು ತೊಟ್ಟಿ,
ಮೂಗಿಗಡರುವ ಹುಳಿವಾಸನೆ.
ಮಕ್ತುಮಸಾಬ ನದಾಫರು ಬಾಯೊಳಗೇ ಎಣಿಸುತ್ತಿದ್ದರು,
ಗಡಿಯಾರ ನೋಡುತ್ತಿರಲಿಲ್ಲ.
"ಅವಸರ ಮಾಡಬ್ಯಾಡ್ರಿ ಬಾಯಾರ,
ಎಲುಬು ತಾನ ಎದ್ದು ಬರತೈತಿ."

ಎಂಬತ್ತೊಂಬತ್ತರಲ್ಲಿ ನಾನು ಈ ವಿದ್ಯೆ ಆರಿಸಿಕೊಂಡಾಗ
ಸೋದರಮಾವ ಕೇಳಿದ, "ಅಂದ್ರ ಫೋಟೋ ತಗಿಯೋದೇನು?
ಅದಕ್ಕ ಇಷ್ಟು ಓದಬೇಕಿತ್ತಾ?"
ಉತ್ತರ ನನಗೂ ಗೊತ್ತಿರಲಿಲ್ಲ.

ನೀರು ತೊಟ್ಟಿಕ್ಕುವ ಫಿಲ್ಮನ್ನು ಬೆಳಕಿಗೆ ಹಿಡಿದು
ಒಣಗುವ ಮುನ್ನವೇ ಹೇಳಬೇಕು;
ಮೇಲಿನ ಅಂತಸ್ತಿನಲ್ಲಿ ಟೇಬಲ್ಲಿನ ಮೇಲೆ
ಮನುಷ್ಯನೊಬ್ಬ ಕಾಯುತ್ತಿದ್ದಾನೆ.
ಹನಿ ಮೊಣಕೈತನಕ ಇಳಿಯುತ್ತಿದ್ದರೂ
ಮಾತು ಮಾತ್ರ ಒಣಗಿರಬೇಕು.

ಒಮ್ಮೆ ಕೂಗಿಬಿಟ್ಟೆ: "ಹೃದಯ ಬಲಕ್ಕಿದೆ!
ಎಂಥ ಅಪರೂಪದ ಕೇಸು!"
ಮಕ್ತುಮಸಾಬರು ಏನೂ ಅನ್ನದೆ
ಫಿಲ್ಮನ್ನು ತಿರುವಿ ಹಾಕಿದರು.

ಅವರೇ ಒಂದು ದಿನ ಕಪಾಟಿನ ಏಣಿಯಿಂದ ಜಾರಿದರು,
ಯಾರದೋ ಹಳೆಯ ಫಿಲ್ಮು ಹುಡುಕುತ್ತ.
ಎಡಗಡೆಯ ಕಾಲರ್ ಎಲುಬು ಎರಡಾಗಿತ್ತು.
ತಮ್ಮ ಫಿಲ್ಮನ್ನು ತಾವೇ ಬಲಗೈಯಲ್ಲಿ ತೊಳೆದು
ನನ್ನ ಮುಂದೆ ಹಿಡಿದರು. "ಓದ್ರಿ."
ಓದಿದೆ. ಕೆಳಗೆ ಮೊದಲ ಸಲ ನನ್ನ ಸಹಿ.
ಮುಂದೆ ಅದು ಕೂಡಿಕೊಂಡಿತು, ವಕ್ರವಾಗಿ,
ಹಳೆ ಮನೆಯ ಸವೆದ ಮೆಟ್ಟಿಲಿನಂತೆ.

ಆಮೇಲೆ ವಿದ್ಯಾನಗರದಲ್ಲಿ ನನ್ನದೇ ಕ್ಲಿನಿಕ್ಕು.
ತೊಂಬತ್ತೈದರ ಗ್ರಹಣಕ್ಕೆ ಓಣಿಯೆಲ್ಲ ಬಂದು ಫಿಲ್ಮು ಬೇಡಿತು,
ಗುರುತಿಲ್ಲದ ಯಾರದೋ ಎದೆಗೂಡಿನೊಳಗಿಂದ
ಸೂರ್ಯನನ್ನು ನೋಡಿತು.
ಸೊನೋಗ್ರಫಿ ಮುಗಿಸಿ ಕೈ ಒರೆಸುವಾಗ
ಅತ್ತೆಯೊಬ್ಬಳು ಹತ್ತಿರ ಬಂದು ಪಿಸುಗುಟ್ಟಿದಳು:
"ಪೇಡೆ ತರಲ್ಯೋ, ಜಿಲೇಬಿ ತರಲ್ಯೋ?"
"ನನಗ ಸಕ್ಕರಿ ರೋಗ ಐತಿ, ಏನೂ ಬ್ಯಾಡ."
ಧಾರವಾಡದ ಸೀಮೆಯಲ್ಲಿ ಪೇಡೆ ಒಲ್ಲೆನೆಂದು
ಸುಳ್ಳು ಹೇಳಿದ ಪಾಪ ನನ್ನ ಮೇಲಿದೆ.

ದುರ್ಗದಬೈಲಿನಲ್ಲಿ ಗಿರ್ಮಿಟ್ ಕಟ್ಟಿಕೊಡುವವನು
ಚಿಲ್ಲರೆ ಹುಡುಕುತ್ತಾನೆ.
ಅವನ ಬಲಗಡೆಯ ಮೂತ್ರಪಿಂಡ
ಎಡದ್ದಕ್ಕಿಂತ ಚಿಕ್ಕದೆಂದು ನನಗೆ ಗೊತ್ತು.
ಕತ್ತಲೆ ಕೋಣೆಯಲ್ಲಿ ಕಂಡ ನನ್ನ ಗುರುತು
ಅವನಿಗಿಲ್ಲ.

ಈಗ ತೊಟ್ಟಿಗಳಿಲ್ಲ. ನೆಲಮಾಳಿಗೆಯಲ್ಲಿ
ಹಾಸಿಗೆ ಬಟ್ಟೆ ಪೇರಿಸಿದ್ದಾರಂತೆ.
ನವನಗರದ ಮನೆಯಲ್ಲಿ ರಾತ್ರಿ ಪರದೆಯ ಮುಂದೆ ಕೂರುತ್ತೇನೆ.
ರೋಣದಿಂದ ಒಂದು ಬೆನ್ನು, ಶಿರಹಟ್ಟಿಯಿಂದ ಒಂದು ತಲೆ,
ಹಿರೇಕೆರೂರಿನ ಬೈಕಿನಿಂದ ಬಿದ್ದ ತೊಡೆ.
ಏಳು ನಿಮಿಷಕ್ಕೊಂದು.
'ಇರಬಹುದು', 'ಅಲ್ಲಗಳೆಯಲಾಗದು',
'ರೋಗಿಯನ್ನು ಪರೀಕ್ಷಿಸಿ ತಾಳೆ ನೋಡಿ';
ಮೂವತ್ತಾರು ವರ್ಷದ ನನ್ನ ಸಂಸಾರವೆಲ್ಲ
ಈ ಮಾತುಗಳ ಜೊತೆಗೇ ಸಾಗಿದೆ.

ನಿನ್ನೆ ರಾತ್ರಿ ಒಂದು ನಲವತ್ತಕ್ಕೆ ಗದಗಿನಿಂದ
ಒಂದು ಎದೆ ಬಂತು.
ಗಂಡಸು, ಎಪ್ಪತ್ತಾರು, ಕೆಮ್ಮಿನಲ್ಲಿ ರಕ್ತ.
ಎಂ. ನದಾಫ.
ಓಣಿಗೊಬ್ಬ ನದಾಫರಿದ್ದಾರೆ, ಇರಲಿ ಅಂದುಕೊಂಡೆ.
ಮೊದಲು ಬಲ ಪುಪ್ಪುಸದ ಮೇಲ್ಭಾಗ.
ಅಲ್ಲೊಂದು ನೆರಳು, ಅಂಚೆಲ್ಲ ಮುಳ್ಳುಮುಳ್ಳು,
'ಇರಬಹುದು' ಎಂಬ ಮಾತಿಗೆ ಜಾಗವೇ ಇಲ್ಲದ್ದು.
ಆಮೇಲೆ ಎಡಗಡೆಗೆ ಸರಿದೆ.
ಮೆಟ್ಟಿಲು.

ಗಡಿಯಾರ ನೋಡದೆ ಎಣಿಸಿದೆ, ಎಷ್ಟರವರೆಗೋ.
ಯಾರೂ ಓದದ ಕೊನೆಯ ಸಾಲಿನಲ್ಲಿ ಬರೆಯುವುದನ್ನು
ಮೊದಲ ಸಾಲಿನಲ್ಲಿ ಬರೆದೆ:
ಎಡ ಕಾಲರ್ ಎಲುಬು, ಹಳೆಯ ಮುರಿತ, ಕೂಡಿದೆ.
ಎರಡನೆಯ ಸಾಲಿಗೆ ಕೈ ಏಳಲಿಲ್ಲ.
ಫೋನು ಮಾಡಿದೆ. ಟೆಕ್ನಿಷಿಯನ್ ಪವಿತ್ರಾ ಹೊಸಮನಿ,
ಹೊಸ ಹುಡುಗಿ, ನಿದ್ದೆಗಣ್ಣಿನ ದನಿ:
"ಅಜ್ಜಾರ ಇಲ್ಲೇ ಬೆಂಚಿನ ಮ್ಯಾಲ ಕುಂತಾರ್ರಿ ಮೇಡಂ,
ಫಿಲ್ಮು ಒಣಗಿತೇನವಾ ಅಂತ
ಮೂರು ಸಲ ಕೇಳಿದ್ರು. ಏನ್ ಹೇಳ್ಲಿ?"

"ಇನ್ನೂ ಹಸಿ ಐತಿ ಅಂತ ಹೇಳು.
ಒಣಗೂದರಾಗ ನಾ ಬರತೇನಿ."

ಅಣ್ಣಿಗೇರಿ ದಾಟುವಾಗ ನೆನಪಾಯಿತು,
ವರದಿಗೆ ಸಹಿ ಹಾಕಿರಲಿಲ್ಲ.