ಮತವಿಲ್ಲದ ಕುರ್ಚಿ

ಒಪ್ಪಂದದ ಹದಿನಾಲ್ಕನೆಯ ಕಲಮಿನಲ್ಲಿ ನಾನಿದ್ದೆ:
'ವೀಕ್ಷಕ. ಸಭೆಗೆ ಬರಬಹುದು, ಮತವಿಲ್ಲ.'
ಡಬ್ಲಿನ್ನಿನಿಂದ ತಾರ್ತುವಿಗೆ ಮೂರು ತಿಂಗಳಿಗೊಮ್ಮೆ
ಎರಡು ವಿಮಾನ, ಒಂದು ಬಸ್ಸು.
ಹಳೆಯ ಗರಗಸದ ಕಾರ್ಖಾನೆಯ ಎರಡನೇ ಮಹಡಿ,
ಬಾಗಿಲಲ್ಲಿ ಒದ್ದೆ ಬೂಟುಗಳ ಸಾಲು.
ನನಗೆಂದೇ ಒಂದು ಜೊತೆ ಉಣ್ಣೆಯ ಚಪ್ಪಲಿ ತೆಗೆದಿಟ್ಟಿದ್ದರು.

ಲೇಲೊ, ಉರ್ಮಾಸ್, ಮತ್ತೆ ಸದಾ ಸೀನುವ ಒಬ್ಬ ಹುಡುಗ.
ಪೇಯ್ಪ್ಸಿ ಸರೋವರದ ಮಂಜುಗಡ್ಡೆಯ ಕೆಳಗೆ
ಇಪ್ಪತ್ತೆಂಟು ಕಿವಿಗಳನ್ನು ಇಳಿಬಿಟ್ಟಿದ್ದರು.
ಗಡ್ಡೆ ಬಿರಿಯುವ ಮೊದಲು ಮಾತಾಡುತ್ತದಂತೆ,
ಮೀನಿಗೆ ಹೋದವರು ದಡ ಸೇರಲು
ನಲವತ್ತು ನಿಮಿಷ ಸಿಗುತ್ತದಂತೆ.
ಒಮ್ಮೆ ನನಗೂ ಕೇಳಿಸಿದಳು ಲೇಲೊ:
ದೂರದಲ್ಲೆಲ್ಲೋ ಹೊಸ ಬಟ್ಟೆ ಹರಿದಂತೆ,
ಆಮೇಲೆ ಒಂದು ಹಕ್ಕಿ ಸ್ವರ ತಪ್ಪಿದಂತೆ.
ಆ ಎರಡನೆಯದಕ್ಕೆ ಅವಳಿಟ್ಟ ಹೆಸರು 'ತಪ್ಪು ಹಕ್ಕಿ'.
ತಪ್ಪು ಹಕ್ಕಿ ಕೂಗಿದರೆ ಬಲೆ ಅಲ್ಲೇ ಬಿಟ್ಟು ಓಡಬೇಕು.

ನಾವು ಕೊಟ್ಟದ್ದು ಇಪ್ಪತ್ತು ಲಕ್ಷ ಯೂರೊ.
ಪತ್ರಿಕೆಯಲ್ಲಿ ಹಾಗೇ ಬಂತು, ಕೈಕುಲುಕುವ ಫೋಟೊ ಸಮೇತ.
ಅದರಲ್ಲಿ ಹದಿನಾರು ಲಕ್ಷ ದುಡ್ಡಲ್ಲ, ಕೂಪನ್ನು;
ನಮ್ಮದೇ ಯಂತ್ರಗಳ ಬಾಡಿಗೆಗೆ ಮಾತ್ರ ಚಲಾವಣೆ.
ನಮ್ಮ ಬಲಗೈ ನಮ್ಮ ಎಡಗೈಗೆ ಕೊಟ್ಟಿತು,
ನಡುವೆ ಒಂದು ಕ್ಷಣ ಲೇಲೊಳ ಅಂಗೈ.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ,
ಆ ಗಾದೆ ಕಟ್ಟಿದವನು ನಮ್ಮ ವಕೀಲರನ್ನು ಕಂಡಿರಲಿಲ್ಲ.

ನಾನೇನೂ ಕದಿಯಲಿಲ್ಲ. ಬರೆದುಕೊಳ್ಳಿ ಇದನ್ನು.
ನಾನೂ ಬರೆದುಕೊಳ್ಳುತ್ತಿದ್ದೆ, ಅಷ್ಟೆ:
ಯಾವ ಕಿವಿ ಎಷ್ಟು ಆಳ, ಯಾವ ಸದ್ದಿಗೆ ಏನು ಹೆಸರು,
ಎಲ್ಲಿ ಸೋತರು, ಎಷ್ಟು ಸಲ, ಏಕೆ.
ಗೆದ್ದದ್ದಕ್ಕಿಂತ ಸೋತದ್ದಕ್ಕೇ ಬೆಲೆ ಹೆಚ್ಚು,
ಇನ್ನೊಬ್ಬರು ಅದನ್ನು ಮತ್ತೆ ಸೋಲಬೇಕಿಲ್ಲವಲ್ಲ.
ಕರಿ ಬ್ರೆಡ್ಡು, ಹೊಗೆ ಹಾಕಿದ ಮೀನು, ಸೀಳಿದ ಈರುಳ್ಳಿ
ತಿಂದು, ಕೈ ತೊಳೆದು, ಟಿಪ್ಪಣಿ ಕಳಿಸುತ್ತಿದ್ದೆ
ಹನ್ನೊಂದು ಜನರಿಗೆ.
ಒಂಬತ್ತು ಜನರ ಮುಖ ಈವರೆಗೂ ನೋಡಿಲ್ಲ.

ಉರ್ಮಾಸ್ ಒಂದು ದಿನ ಕೇಳಿದ, 'ಬೇರೆಯವರ ದುಡ್ಡು ತಂದರೆ?'
ತರಬಹುದು. ಮೊದಲು ನಮಗೆ ತಿಳಿಸಬೇಕು.
'ಮಾರಿಬಿಟ್ಟರೆ?'
ಮಾರಬಹುದು. ಮೊದಲು ನಮ್ಮನ್ನು ಕೇಳಬೇಕು.
ಆ ಮೊದಲೊಂದು ಇದ್ದ ಮೇಲೆ
ಯಾರು ಬಂದು ತಟ್ಟುತ್ತಾರೆ ಅಂಥ ಮನೆಯ ಕದ?
ಕಿಟಕಿಯಾಚೆ ಸುರಿಯುವ ಹಿಮ ನೋಡುತ್ತ
ಅವನು ಚಹಾಕ್ಕೆ ಮೂರು ಸಲ ಸಕ್ಕರೆ ಹಾಕಿಕೊಂಡ.

ಮೂರನೆಯ ಚಳಿಗಾಲ, ನಮ್ಮ ನಕ್ಷೆಯಲ್ಲೊಂದು ಹೊಸ ಗುಂಡಿ.
'ಮಂಜುಗಡ್ಡೆ ಸುರಕ್ಷೆ.' ಉಚಿತ. ಅರವತ್ತು ದೇಶಗಳಲ್ಲಿ.
ಇಪ್ಪತ್ತೆಂಟು ಕಿವಿ ದುಬಾರಿ; ನಮ್ಮದು ಮೂರರಲ್ಲೇ ಊಹಿಸುತ್ತದೆ,
ಉಳಿದದ್ದಕ್ಕೆ ಹಸಿರು ಬಳಿಯುತ್ತದೆ.
ಕೈಪಿಡಿಯಲ್ಲಿ ಎಲ್ಲ ಹೆಸರೂ ಬದಲಾಗಿದ್ದವು,
ಒಂದು ಮಾತ್ರ ಯಾರದೋ ಕಣ್ಣು ತಪ್ಪಿ ಉಳಿದಿತ್ತು:
ತಪ್ಪು ಹಕ್ಕಿ.

ಕೊನೆಯ ಸಭೆಯಲ್ಲಿ ಲೇಲೊ ಕೂಗಾಡಲಿಲ್ಲ.
ಆ ಪುಟ ನನ್ನ ಮುಂದಿಟ್ಟು, ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿದಳು.
ನಾನು ಎದ್ದು ಬಂದೆ.
ಬಸ್ ನಿಲ್ದಾಣದಲ್ಲಿ ಕಾಲು ಒದ್ದೆಯಾದಾಗಲೇ ಗೊತ್ತಾದದ್ದು,
ಅವರ ಚಪ್ಪಲಿಯಲ್ಲೇ ಹೊರಟಿದ್ದೆ.

ಕೂಪನ್ನು ಫೆಬ್ರವರಿ ಕೊನೆಗೆ ಸತ್ತಿತು.
ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇತ್ತು.
ಸೀನುವ ಹುಡುಗ ಮಾರ್ಚಿಯಲ್ಲಿ ಬರೆದ:
ಕೋಲ್ಕ್ಯದ ಮುದುಕ ಯೆವ್ಸ್ತಾಫಿ ನಸುಕಿಗೇ ಫೋನು ಮಾಡಿ,
'ನಕ್ಷೆ ಹಸಿರು ತೋರಿಸುತ್ತಿದೆ, ನೀನೇನಂತಿ ಮಗಳೇ?' ಅಂದನಂತೆ.
ಯಂತ್ರ ಕಣ್ಣುಮುಚ್ಚಿದೆ. ಲೇಲೊ ಕಾರು ಓಡಿಸಿಕೊಂಡು ಹೋಗಿ,
ಟೊಪ್ಪಿ ತೆಗೆದು, ಗಡ್ಡೆಯ ಮೇಲೆ ಅಂಗಾತ ಅಲ್ಲ, ಪಕ್ಕಕ್ಕೆ ಮಲಗಿ,
ತನ್ನದೇ ಕಿವಿ ಹಚ್ಚಿದಳಂತೆ.

ಪತ್ರ ಅಲ್ಲಿಗೇ ಮುಗಿದಿದೆ.
ಮುದುಕ ಹೋದನೇ, ಅವಳು ಏನಂದಳು,
ಕೇಳಬೇಕೆಂದು ಎರಡು ಸಲ ಬರೆದು ಅಳಿಸಿದೆ.
ಹದಿನಾಲ್ಕನೆಯ ಕಲಮು ನನಗೆ ಕಣ್ಣು ಕೊಟ್ಟಿತ್ತು.
ಕೇಳುವುದು ಅದರಲ್ಲಿರಲಿಲ್ಲ.